ಪರಿಸರ ಒಡಂಬಡಿಕೆಗಳು ಮತ್ತು ಅರಿವಿನ ಹಂಚಿಕೆ: ತುಂಗಭದ್ರೆಯ ದಡದಿಂದ ಒಂದು ಅವಲೋಕನ

‘ಒಡಂಬಡಿಕೆ’ ಎಂಬುದು ಅಚ್ಚಗನ್ನಡದ ಪದ. ‘ಒಡನ್’ ಎಂಬ ಶಬ್ದಕ್ಕೆ ‘ಪಡು’ ಎಂಬ ಧಾತು ಸೇರುವಾಗ ಪಕಾರಕ್ಕೆ ಬಕಾರವು ಆದೇಶವಾಗಿ ಬಂದು ‘ಒಡಂಬಡು’ ಎಂದಾಗುತ್ತದೆ. ಜೊತೆಗೂಡಿ ಒಂದು ಮಾತಿಗೆ ಒಳಪಡುವುದು ಎಂಬುದು ಅದರ ಭಾವ. ಈ ‘ಒಡನ್’ ಎಂಬ ಪೂರ್ವಪದದಲ್ಲಿಯೇ ಒಂದು ನಿಬಂಧನೆ ಅಡಗಿದೆ. ಇಬ್ಬರು ಕೂಡಿ ಒಂದು ಮಾತಿಗೆ ಒಳಪಡಬೇಕಾದರೆ ಆ ಮಾತು ಏನೆಂಬುದು ಇಬ್ಬರಿಗೂ ಸಮನಾಗಿ ತಿಳಿದಿರಬೇಕು. ಆಮೇಲೆ ಅದು ನಡೆಯಿತೇ ಇಲ್ಲವೇ ಎಂಬುದೂ ಇಬ್ಬರಿಗೂ ತಿಳಿಯುತ್ತಿರಬೇಕು. ಒಬ್ಬನು ಬಲ್ಲ, ಮತ್ತೊಬ್ಬನು ಅರಿಯ ಎಂಬ ಕಡೆಯಲ್ಲಿ ಕಾಗದವೂ ರುಜುವೂ ಇರಬಹುದು, ಒಡಂಬಡಿಕೆ ಇರಲಾರದು.

ಇದಕ್ಕೆ ದೃಷ್ಟಾಂತವನ್ನು ದಾವಣಗೆರೆ ಸೀಮೆಯವರು ದೂರದಲ್ಲಿ ಹುಡುಕಬೇಕಾಗಿಲ್ಲ. ಸೂಳೆಕೆರೆಯ ನೀರನ್ನು ಹೊತ್ತು ಬಂದು ಹರಿಹರದ ಬಳಿ ತುಂಗಭದ್ರೆಯನ್ನು ಕೂಡುವ ಹರಿದ್ರಾ ನದಿಗೆ ವಿಜಯನಗರದ ಅರಸರ ಕಾಲದಲ್ಲಿ ಒಂದು ಅಣೆಯನ್ನು ಕಟ್ಟಿದ್ದರು. ಅಣೆಯನ್ನೂ ಕಾಲುವೆಯನ್ನೂ ಸ್ವಂತ ವೆಚ್ಚದಿಂದ ಮಾಡಿಸಿದವರು ಅಲ್ಲಿಯ ಬ್ರಾಹ್ಮಣರು. ಕಾಲುವೆ ಹರಿಯಬೇಕಾದದ್ದು ಹರಿಹರದೇವರ ಭೂಮಿಯಲ್ಲಿ. ಆದುದರಿಂದ ಆ ನೀರುಂಡ ಭೂಮಿಯನ್ನು ಮೂರು ಪಾಲು ಮಾಡಿ, ಎರಡು ಪಾಲು ದೇವರಿಗೆ, ಒಂದು ಪಾಲು ಅಣೆ ಕಟ್ಟಿಸಿದವರಿಗೆ ಎಂದು ೧೪೧೦ರ ಶಾಸನವೊಂದು ವಿಧಿಸುತ್ತದೆ. ಮುಂದೆ ಆ ಅಣೆ ಒಡೆಯಿತು. ಅದನ್ನು ಮರಳಿ ಕಟ್ಟಿಸಿದ ವೃತ್ತಾಂತ ೧೪೨೪ರ ಮತ್ತೊಂದು ಶಾಸನದಲ್ಲಿದೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೊಂದನೆಯ ಸಂಪುಟದಲ್ಲಿ ಇವೆರಡನ್ನೂ ಓದಬಹುದು. ಪಾಲುದಾರರು ಯಾರು, ಯಾರ ಪಾಲು ಎಷ್ಟು ಎಂಬುದರ ಜೊತೆಗೆ, ಕಟ್ಟಿದ್ದು ಒಡೆಯಿತು ಎಂಬ ಸಂಗತಿಯನ್ನೂ ಆ ಕಾಲದವರು ಮುಚ್ಚಿಡದೆ ಕಲ್ಲಿನಲ್ಲಿ ಬರೆಯಿಸಿದರೆಂಬುದು ಗಮನಾರ್ಹ. ಜನ ಓಡಾಡುವಲ್ಲಿ ಕಲ್ಲನ್ನು ನಿಲ್ಲಿಸುವುದು ವಾಡಿಕೆ. ಓದು ಬಲ್ಲವರು ಅಂದು ಕೆಲವರೇ ಆಗಿದ್ದರೂ, ಬಾರದವನು ಬಲ್ಲವನಿಂದ ಓದಿಸಿ ಕೇಳಲು ಅಡ್ಡಿಯಿರಲಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಗತ್ತಿನ ರಾಷ್ಟ್ರಗಳೂ ನೀರು, ಗಾಳಿ, ಮಣ್ಣು, ಮೃಗಪಕ್ಷಿಗಳ ವಿಷಯವಾಗಿ ಇಂತಹ ಒಡಂಬಡಿಕೆಗಳನ್ನು ಮಾಡಿಕೊಳ್ಳತೊಡಗಿದವು. ೧೯೭೧ರಲ್ಲಿ ಇರಾನಿನ ರಾಮ್‌ಸರ್ ಎಂಬ ಊರಿನಲ್ಲಿ ಕೆರೆ ಸರೋವರಗಳ ರಕ್ಷಣೆಗೆ ಒಂದು ಒಡಂಬಡಿಕೆ ಆಯಿತು. ಮರುವರ್ಷದ ಜೂನ್ ತಿಂಗಳಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ವಿಶ್ವಸಂಸ್ಥೆಯ ಮಾನವ ಪರಿಸರ ಸಮ್ಮೇಳನ ನೆರೆಯಿತು. ಭಾರತದ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ಅಲ್ಲಿಗೆ ಹೋಗಿ ಮಾತನಾಡಿದರು. ಭಾರತದ ೧೯೮೬ರ ಪರಿಸರ ಸಂರಕ್ಷಣಾ ಅಧಿನಿಯಮದ ಪೀಠಿಕೆಯನ್ನು ತೆರೆದರೆ ಆ ಸಮ್ಮೇಳನದ ಹೆಸರೇ ಮೊದಲು ಕಾಣುತ್ತದೆ. ಅಪಾಯದಂಚಿನ ಜೀವಿಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ‘ಸೈಟಿಸ್’ ಒಡಂಬಡಿಕೆ ೧೯೭೩ರದು. ವಲಸೆ ಪ್ರಾಣಿಗಳಿಗಾಗಿ ಬಾನ್ ಒಡಂಬಡಿಕೆ ೧೯೭೯ರದು. ಓಜೋನ್ ಪದರದ ರಕ್ಷಣೆಗಾಗಿ ಮಾಂಟ್ರಿಯಲ್ ಒಪ್ಪಂದ ೧೯೮೭ರದು. ಅಪಾಯಕರ ತ್ಯಾಜ್ಯಗಳ ಸಾಗಾಟದ ಬಗೆಗೆ ಬಾಸೆಲ್ ಒಡಂಬಡಿಕೆ ೧೯೮೯ರದು. ೧೯೯೨ರ ರಿಯೊ ಸಮ್ಮೇಳನದಲ್ಲಿ ಹವಾಮಾನ ಬದಲಾವಣೆ, ಜೀವವೈವಿಧ್ಯ ಇವೆರಡರ ಒಡಂಬಡಿಕೆಗಳು ಸಹಿಗೆ ತೆರೆದುಕೊಂಡವು. ೧೯೯೪ರಲ್ಲಿ ಮರುಭೂಮೀಕರಣದ್ದು, ೧೯೯೮ರಲ್ಲಿ ವಿಷವಸ್ತುಗಳ ವ್ಯಾಪಾರಕ್ಕೆ ಸಂಬಂಧಿಸಿದ ರಾಟರ್‌ಡ್ಯಾಮ್ ಒಡಂಬಡಿಕೆ, ೨೦೦೧ರಲ್ಲಿ ಬಹುಕಾಲ ಕರಗದೆ ಉಳಿಯುವ ವಿಷಗಳ ಬಗೆಗೆ ಸ್ಟಾಕ್‌ಹೋಮ್ ಒಡಂಬಡಿಕೆ, ೨೦೧೩ರಲ್ಲಿ ಪಾದರಸದ ಬಗೆಗೆ ಮಿನಮಾಟ ಒಡಂಬಡಿಕೆ. ಭಾರತವು ಇವೆಲ್ಲಕ್ಕೂ ಒಳಪಟ್ಟ ದೇಶ.

ಒಂದೊಂದಕ್ಕೂ ಒಂದೊಂದು ಕಚೇರಿ ಇದೆ. ಆ ಕಚೇರಿಗಳಿರುವ ಊರುಗಳೂ ಬೇರೆ ಬೇರೆ. ರಾಮ್‌ಸರ್ ಒಡಂಬಡಿಕೆಯ ಕಚೇರಿ ಸ್ವಿಟ್ಜರ್ಲೆಂಡಿನ ಗ್ಲಾಂಡ್‌ನಲ್ಲಿ, ಸೈಟಿಸ್ ಜಿನೀವದಲ್ಲಿ, ಹವಾಮಾನದ್ದೂ ವಲಸೆ ಪ್ರಾಣಿಗಳದ್ದೂ ಜರ್ಮನಿಯ ಬಾನ್‌ನಲ್ಲಿ, ಜೀವವೈವಿಧ್ಯದ್ದು ಕೆನಡದ ಮಾಂಟ್ರಿಯಲ್‌ನಲ್ಲಿ, ಓಜೋನಿನದು ಕೀನ್ಯದ ನೈರೋಬಿಯಲ್ಲಿ. ವರದಿ ಒಪ್ಪಿಸುವ ಕಾಲವೂ ಒಂದೇ ಅಲ್ಲ. ಮಾಂಟ್ರಿಯಲ್ ಮತ್ತು ಬಾಸೆಲ್‌ಗಳಿಗೆ ವರ್ಷಕ್ಕೊಮ್ಮೆ, ರಾಮ್‌ಸರ್‌ಗೆ ಮೂರು ವರ್ಷಕ್ಕೊಮ್ಮೆ, ಸ್ಟಾಕ್‌ಹೋಮ್‌ಗೆ ನಾಲ್ಕು ವರ್ಷಕ್ಕೊಮ್ಮೆ. ದೊಡ್ಡ ದೇಶಗಳಲ್ಲಿ ಇದಕ್ಕೆಂದೇ ಬೇರೆ ಬೇರೆ ಅಧಿಕಾರಿಗಳಿರುತ್ತಾರೆ. ಸಮುದ್ರದ ನಡುವಣ ಚಿಕ್ಕ ದ್ವೀಪರಾಷ್ಟ್ರದಲ್ಲಿ ಒಬ್ಬನೇ ಗುಮಾಸ್ತನು ಒಂದೇ ಜವುಗಿನ ವಿಚಾರವನ್ನು ನಾಲ್ಕು ನಮೂನೆಗಳಲ್ಲಿ ನಾಲ್ಕು ಸಲ ಬರೆದು ಕಳುಹಿಸಬೇಕಾದೀತು. ಬರೆದದ್ದನ್ನು ಪಡೆದವರು ಪರಸ್ಪರ ಮಾತನಾಡದಿದ್ದರೆ ಅವನ ಶ್ರಮವೆಲ್ಲ ಕಪಾಟಿನ ಪಾಲು.

ವಿಷಯದ ತಿರುಳು ಇಲ್ಲಿದೆ. ಪ್ರಕೃತಿಯಲ್ಲಿ ಒಂದಾಗಿರುವುದನ್ನು ಒಡಂಬಡಿಕೆಗಳು ಹಲವಾಗಿ ವಿಂಗಡಿಸಿಕೊಂಡಿವೆ. ವಿಂಗಡಣೆ ತಪ್ಪಲ್ಲ, ವೈದ್ಯರಲ್ಲಿಯೂ ಕಣ್ಣಿನವರು, ಎಲುಬಿನವರು ಎಂದು ಬೇರೆಯಾಗಿಯೇ ಇದ್ದಾರೆ. ಆದರೆ ರೋಗಿ ಒಬ್ಬನೇ ಎಂಬುದನ್ನು ಅವರು ಮರೆತರೆ ಏನಾಗುವುದೆಂದು ತಿಳಿಯಲು ಜಿನೀವಕ್ಕೆ ಹೋಗುವ ಅಗತ್ಯವಿಲ್ಲ. ಹರಿಹರದ ಸೇತುವೆಯ ಮೇಲೆ ನಿಂತರೆ ಸಾಕು.

ಸ್ಟಾಕ್‌ಹೋಮ್ ಸಮ್ಮೇಳನ ನಡೆದ ೧೯೭೨ರಲ್ಲಿಯೇ ಹರಿಹರಕ್ಕೆ ಎದುರುದಡದ ಕುಮಾರಪಟ್ಟಣದಲ್ಲಿ ಗ್ವಾಲಿಯರ್ ರೇಯಾನ್ ಸಂಸ್ಥೆಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ಮರವನ್ನು ಬೇಯಿಸಿ, ರೇಯಾನ್ ನೂಲಿಗೆ ಬೇಕಾಗುವ ತಿರುಳನ್ನು ತೆಗೆಯುವುದು ಅದರ ಕೆಲಸ. ಎರಡೂ ದಡಗಳ ಅನೇಕ ಕುಟುಂಬಗಳಿಗೆ ಅದು ಅನ್ನದ ದಾರಿಯಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ೧೯೮೦ರ ದಶಕದಲ್ಲಿ ಕೆಳಹರಿವಿನ ಹಳ್ಳಿಗಳವರು ನದಿಯ ನೀರು ಬಣ್ಣಗೆಟ್ಟಿದೆ, ಮೀನುಗಳು ಸತ್ತು ತೇಲುತ್ತಿವೆ, ನೀರಿಗಿಳಿದವರ ಚರ್ಮ ಕೆಡುತ್ತಿದೆ ಎಂದು ದೂರಿದರು. ತುಂಗಭದ್ರಾ ಪರಿಸರ ಸಮಿತಿಯೂ ಧಾರವಾಡದ ಸಮಾಜ ಪರಿವರ್ತನ ಸಮುದಾಯವೂ ಆ ದೂರನ್ನು ಎತ್ತಿಕೊಂಡವು. ವಿಷಯ ನ್ಯಾಯಾಲಯದವರೆಗೂ ಹೋಯಿತು. ಆ ವಾದದ ಜಯಾಪಜಯ ಇಲ್ಲಿ ಪ್ರಕೃತವಲ್ಲ. ಗಮನಿಸಬೇಕಾದದ್ದು ಅರಿವು ಎಲ್ಲೆಲ್ಲಿ ಚದುರಿತ್ತು ಎಂಬುದನ್ನು. ಅಂದು ನದಿಯ ಎಡದಡ ಧಾರವಾಡ ಜಿಲ್ಲೆ, ಬಲದಡ ಚಿತ್ರದುರ್ಗ ಜಿಲ್ಲೆ. ೧೯೯೭ರಲ್ಲಿ ಹೊಸ ಜಿಲ್ಲೆಗಳಾದ ಮೇಲೆ ಅವೇ ಹಾವೇರಿ ಮತ್ತು ದಾವಣಗೆರೆ. ಹೊಳೆಯ ನಡುಮಧ್ಯದಲ್ಲಿ ಹಾದುಹೋಗುವ ಗೆರೆಯ ಆಚೆಯ ಕಡತ ಈಚೆಗೆ ಬರಬೇಕಾದರೆ ಬೆಂಗಳೂರನ್ನು ಸುತ್ತಿ ಬರಬೇಕು. ಸತ್ತ ಮೀನಿನ ಲೆಕ್ಕ ಮೀನುಗಾರಿಕೆ ಇಲಾಖೆಯದು. ನೀರಿನ ಪರೀಕ್ಷೆ ೧೯೭೪ರ ಜಲ ಅಧಿನಿಯಮದಂತೆ ಹುಟ್ಟಿದ ಮಾಲಿನ್ಯ ನಿಯಂತ್ರಣ ಮಂಡಳಿಯದು. ತುರಿಕೆಯೆಂದು ಬಂದ ರೋಗಿಯ ಹೆಸರು ಆರೋಗ್ಯ ಕೇಂದ್ರದ ಪುಸ್ತಕದಲ್ಲಿ. ಕಾರ್ಖಾನೆಗೆ ಹೋದ ನೀಲಗಿರಿ, ಬಿದಿರಿನ ಲೆಕ್ಕ ಅರಣ್ಯ ಇಲಾಖೆಯಲ್ಲಿ. ನಾಲ್ಕು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚಿಟ್ಟು ಓದುವುದು ಯಾರ ಕರ್ತವ್ಯವೂ ಆಗಿರಲಿಲ್ಲ. ಆ ಕೆಲಸವನ್ನು ಕಡೆಗೆ ಮಾಡಹೊರಟವರು ಸಂಬಳವಿಲ್ಲದ ನಾಗರಿಕರು.

ಇದೇ ನದಿಯ ವಿಷಯದಲ್ಲಿ ಮತ್ತೊಂದು ವೈಚಿತ್ರ್ಯವುಂಟು. ಹೊಸಪೇಟೆಯ ಅಣೆಕಟ್ಟಿಗಾಗಿ ೧೯೫೩ರಲ್ಲಿ ತುಂಗಭದ್ರಾ ಮಂಡಳಿ ಏರ್ಪಟ್ಟಿತು. ಜಲಾಶಯಕ್ಕೆ ಎಷ್ಟು ನೀರು ಬಂತು, ಎಷ್ಟು ಹೋಯಿತು ಎಂಬ ಲೆಕ್ಕ ಅದರ ಮೂಲಕ ಪಾಲುದಾರ ರಾಜ್ಯಗಳಿಗೆಲ್ಲ ತಿಳಿಯುತ್ತದೆ. ನೀರಿನ ಮೊತ್ತದ ವಿಷಯದಲ್ಲಿ ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯಿದೆ. ಅದೇ ನೀರಿನ ಗುಣವನ್ನು ಅಳೆಯುವವರು ಬೇರೆ, ಅದನ್ನು ಬರೆಯುವ ಪುಸ್ತಕ ಬೇರೆ. ಪಾಲು ಕೇಳುವವನಿಗೆ ಅಳತೆ ಮುಖ್ಯ, ಕುಡಿಯುವವನಿಗೆ ಗುಣ ಮುಖ್ಯ. ದಾವಣಗೆರೆ ನಗರವಂತೂ ಕುಡಿಯುವ ನೀರಿಗೆ ತುಂಗಭದ್ರೆಯನ್ನೂ ಭದ್ರಾ ನಾಲೆಯನ್ನೂ ನೆಚ್ಚಿಕೊಂಡ ಊರು.

ಈ ದಡಕ್ಕೆ ದೂರದ ಒಡಂಬಡಿಕೆಗಳು ಹೇಗೆ ಬಂದು ತಾಗುತ್ತವೆ ಎಂಬುದನ್ನೂ ನೋಡಬೇಕು. ಮರದ ತಿರುಳನ್ನು ಧಾತುರೂಪದ ಕ್ಲೋರಿನ್‌ನಿಂದ ಬಿಳಿಯಾಗಿಸುವಾಗ ಡಯಾಕ್ಸಿನ್ ಎಂಬ ವಿಷಗಳು ಅನಪೇಕ್ಷಿತವಾಗಿ ಹುಟ್ಟಬಲ್ಲವು. ೨೦೦೧ರ ಸ್ಟಾಕ್‌ಹೋಮ್ ಒಡಂಬಡಿಕೆಯು ಆ ವಿಧಾನವನ್ನು ಹೆಸರಿಸಿಯೇ ತನ್ನ ಅನುಬಂಧದಲ್ಲಿ ಸೇರಿಸಿದೆ. ಅಂದಮೇಲೆ ಜಗತ್ತಿನ ಯಾವ ತಿರುಳಿನ ಕಾರ್ಖಾನೆಯೇ ಆಗಲಿ, ಬಿಳಿಯಾಗಿಸುವ ವಿಧಾನವೇನು ಎಂಬುದು ಸ್ಥಳೀಯ ವಿಷಯವಾಗಿ ಉಳಿದಿಲ್ಲ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು ೨೦೧೧ರಲ್ಲಿ ಅಭಯಾರಣ್ಯವಾದದ್ದು ಕೊಂಡುಕುರಿಗಾಗಿ. ನಾಲ್ಕು ಕೊಂಬಿನ ಈ ಸಾಧುಪ್ರಾಣಿಯ ಹೆಸರು ಸೈಟಿಸ್ ಪಟ್ಟಿಯ ಮೂರನೆಯ ಅನುಬಂಧದಲ್ಲಿದೆ. ಅಲ್ಲಿ ಅದನ್ನು ಸೇರಿಸಿದ್ದು ನೇಪಾಳ. ತನ್ನ ಕಾಡಿನ ಪ್ರಾಣಿಯ ವ್ಯಾಪಾರವನ್ನು ತಡೆಯಲು ನೆರವಾಗಿರೆಂದು ಒಂದು ದೇಶ ಉಳಿದವರನ್ನು ಕೇಳಿಕೊಳ್ಳುವ ಪಟ್ಟಿ ಅದು. ಜಗಳೂರಿನ ಕುರುಚಲಿನಲ್ಲಿ ಮೇಯುವ ಜೀವದ ಬಗೆಗೆ ಕಠ್ಮಂಡುವಿನಿಂದ ಹೊರಟ ಮಾತು ಜಿನೀವದಲ್ಲಿ ದಾಖಲಾಗಿದೆ ಎಂಬುದು ತಾಲ್ಲೂಕಿನ ಎಷ್ಟು ಮಂದಿಗೆ ತಿಳಿದಿದೆಯೋ!

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಕಥೆ ಇನ್ನೂ ಸೊಗಸಾದದ್ದು. ಟಿಬೆಟ್, ಮಂಗೋಲಿಯಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳಿವು. ಮಂಗೋಲಿಯದಲ್ಲಿ ಸಂಶೋಧಕರು ಕೊರಳಿಗೆ ಅಕ್ಷರ ಅಂಕೆಗಳ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಇಲ್ಲಿಯ ಪಕ್ಷಿವೀಕ್ಷಕನು ಆ ಅಂಕೆಯನ್ನು ಓದಿ ಅಲ್ಲಿಗೆ ತಿಳಿಸಿದಾಗ ಮಾತ್ರ ಹಕ್ಕಿಯ ಪಯಣ ಇಬ್ಬರಿಗೂ ಪೂರ್ತಿಯಾಗಿ ಗೊತ್ತಾಗುತ್ತದೆ. ಆ ಕೊರಳಪಟ್ಟಿಯನ್ನು ಹಾರಾಡುವ ತಾಮ್ರಶಾಸನವೆಂದರೆ ಶಾಸನಪ್ರಿಯರು ಮುನಿಯಲಾರರು.

ಹಂಚಿಕೆಯಾಗದ ಅರಿವಿನ ಬೆಲೆ ಎಷ್ಟೆಂಬುದನ್ನು ಕನ್ನಡಿಗರು ಕಂಡದ್ದು ಕಾಸರಗೋಡಿನಲ್ಲಿ. ಅಲ್ಲಿಯ ಗುಡ್ಡಗಳ ಗೇರುತೋಟಗಳು ಕೇರಳದ ಸರ್ಕಾರಿ ತೋಟಗಾರಿಕಾ ನಿಗಮಕ್ಕೆ ಸೇರಿದವು. ೧೯೭೦ರ ದಶಕದ ಕೊನೆಯ ವೇಳೆಗೆ ಮೊದಲಾಗಿ ೨೦೦೦ದವರೆಗೆ ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದರು. ತೋಟದ ತಗ್ಗಿನಲ್ಲಿಯೇ ಜನರ ಮನೆ, ಬಾವಿ, ಸುರಂಗಗಳು. ಎಣ್ಮಕಜೆ ಪಂಚಾಯತಿಯ ಪಡ್ರೆಯ ವಾಣೀನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ್‌ಕುಮಾರರು, ಒಂದೇ ಪ್ರದೇಶದ ಮನೆಗಳಲ್ಲಿ ಮಕ್ಕಳ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ ಮುಂತಾದವು ಅಸಹಜವಾಗಿ ಹೆಚ್ಚಿರುವುದನ್ನು ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆಯವರು ಆ ಸಂಗತಿಯನ್ನು ಹೊರಜಗತ್ತಿನ ಮುಂದಿಟ್ಟರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ೨೦೦೧ರಲ್ಲಿ ಅಲ್ಲಿಗೆ ಬಂದು ಅಧ್ಯಯನ ಮಾಡಿತು. ಗಟ್ಟದ ಬುಡದ ಕೊಕ್ಕಡ ಮೊದಲಾದ ದಕ್ಷಿಣ ಕನ್ನಡದ ಊರುಗಳಲ್ಲಿಯೂ ಇದೇ ಬಗೆಯ ಸಂಕಟ ಬೆಳಕಿಗೆ ಬಂತು.

ಅದೇ ಎಂಡೋಸಲ್ಫಾನ್ ಹತ್ತಿ ಬೆಳೆಯ ನಾಡುಗಳಲ್ಲೆಲ್ಲ ಬಳಕೆಯಲ್ಲಿದ್ದ ಮದ್ದು. ಹತ್ತಿಗಿರಣಿಗಳಿಂದ ಹೆಸರಾದ ದಾವಣಗೆರೆಯ ಸುತ್ತಣ ರೈತರಿಗೆ ಅದರ ಪರಿಚಯವಿಲ್ಲದಿಲ್ಲ. ಗೇರುತೋಟದ ಕೆಳಗಿನ ವೈದ್ಯನು ಕಂಡದ್ದು ಹತ್ತಿಹೊಲದ ಒಡೆಯನ ಕಿವಿಗೆ ಬೀಳಲು ದಶಕವೇ ಬೇಕಾಯಿತು. ಕರ್ನಾಟಕ ಸರ್ಕಾರ ೨೦೧೧ರ ಆರಂಭದಲ್ಲಿ ಅದನ್ನು ನಿಷೇಧಿಸಿತು. ಆ ವರ್ಷದ ಏಪ್ರಿಲ್ ಕೊನೆಯಲ್ಲಿ ಜಿನೀವದಲ್ಲಿ ಸೇರಿದ ಸ್ಟಾಕ್‌ಹೋಮ್ ಒಡಂಬಡಿಕೆಯ ಸಭೆ, ಕೆಲವು ಬೆಳೆಗಳಿಗೆ ಕಾಲಮಿತಿಯ ವಿನಾಯಿತಿಯಿಟ್ಟು, ಎಂಡೋಸಲ್ಫಾನನ್ನು ತೊಡೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಮುಂಚಿನ ಸಮಿತಿಗಳಲ್ಲಿ ಭಾರತದ ಪ್ರತಿನಿಧಿಗಳು ಇದನ್ನು ವಿರೋಧಿಸಿದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ. ಮೇ ೧೩ರಂದು ಭಾರತದ ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಅದರ ತಯಾರಿಕೆ ಮಾರಾಟಗಳನ್ನು ತಡೆಯಿತು. ಜೂನ್‌ನಲ್ಲಿ ರಾಟರ್‌ಡ್ಯಾಮ್ ಒಡಂಬಡಿಕೆಯವರೂ ತಮ್ಮ ಪಟ್ಟಿಗೆ ಅದನ್ನು ಸೇರಿಸಿಕೊಂಡರು.

ಒಂದೇ ವಸ್ತು ಎರಡು ಒಡಂಬಡಿಕೆಗಳಲ್ಲಿ ಏಕೆ ಎಂದು ಕೇಳಬಹುದು. ಸ್ಟಾಕ್‌ಹೋಮ್ ಒಡಂಬಡಿಕೆಯು ವಸ್ತುವನ್ನು ತಯಾರಿಸಬಾರದು, ಬಳಸಬಾರದು ಎನ್ನುತ್ತದೆ. ರಾಟರ್‌ಡ್ಯಾಮಿನದು ಮಾರುವವನ ಮತ್ತು ಕೊಳ್ಳುವವನ ನಡುವಣ ಸಂಗತಿ: ಪಟ್ಟಿಯಲ್ಲಿರುವ ವಿಷವನ್ನು ರಫ್ತು ಮಾಡುವ ಮುಂಚೆ, ಅದನ್ನು ಬರಮಾಡಿಕೊಳ್ಳಲು ಒಪ್ಪಿಗೆಯುಂಟೇ ಎಂಬುದನ್ನು ಕೊಳ್ಳುವ ದೇಶವು ತಿಳಿದು ಹೇಳಬೇಕು. ಒಂದು ದೇಶ ತನ್ನಲ್ಲಿ ಒಂದು ರಾಸಾಯನಿಕವನ್ನು ನಿಷೇಧಿಸಿದರೆ ಕಾರಣಸಹಿತವಾಗಿ ಕಚೇರಿಗೆ ತಿಳಿಸಬೇಕು. ಕಚೇರಿ ಅದನ್ನು ಎಲ್ಲ ದೇಶಗಳಿಗೂ ಹರಡಬೇಕು. ಹಳಸಿ ಉಳಿದ ಡಬ್ಬಿಗಳು ಗಡಿ ದಾಟುವ ಪ್ರಸಂಗ ಬಂದರೆ ಬಾಸೆಲ್ ಒಡಂಬಡಿಕೆ ಎದ್ದು ನಿಲ್ಲುತ್ತದೆ. ಹೀಗೆ ಹುಟ್ಟು, ಮಾರಾಟ, ಸಾವು ಈ ಮೂರು ಅವಸ್ಥೆಗಳನ್ನು ಮೂರು ಒಡಂಬಡಿಕೆಗಳು ಹಂಚಿಕೊಂಡಿವೆ. ಬಹುಕಾಲ ಬೇರೆ ಬೇರೆಯಾಗಿದ್ದ ಇವು ೨೦೧೦ರ ಫೆಬ್ರುವರಿಯಲ್ಲಿ ಇಂಡೋನೇಷ್ಯದ ಬಾಲಿಯಲ್ಲಿ ಮೊದಲ ಬಾರಿಗೆ ಒಟ್ಟಾಗಿ ಸಭೆ ಸೇರಿ, ಮುಂದೆ ಜಿನೀವದಲ್ಲಿ ಒಬ್ಬನೇ ಕಾರ್ಯದರ್ಶಿಯ ಕೆಳಗೆ ಒಂದಾದವು. ಹರಿಹರೇಶ್ವರನ ವಿಗ್ರಹವನ್ನು ನೋಡಿದವರಿಗೆ ಇದು ಹೊಸತಾಗಿ ತೋರದು: ಬಲಕ್ಕೆ ಹರ, ಎಡಕ್ಕೆ ಹರಿ, ಆಯುಧಗಳು ಬೇರೆ, ಶರೀರ ಒಂದು.

ಜೀವವೈವಿಧ್ಯದ ಒಡಂಬಡಿಕೆಯವರು ಇದಕ್ಕಾಗಿ ಒಂದು ಮಾಹಿತಿ ವಿನಿಮಯ ಕೇಂದ್ರವನ್ನು ನಡೆಸುತ್ತಾರೆ. ಬ್ಯಾಂಕುಗಳವರು ಚೆಕ್ಕುಗಳನ್ನು ಪರಸ್ಪರ ಬದಲಾಯಿಸಿಕೊಳ್ಳುತ್ತಿದ್ದ ‘ಕ್ಲಿಯರಿಂಗ್ ಹೌಸ್’ ಎಂಬ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ವ್ಯಾಪಾರದ ಊರಾದ ದಾವಣಗೆರೆಗೆ ಈ ಉಪಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ೨೦೧೧ರಲ್ಲಿ ಹಲವು ಒಡಂಬಡಿಕೆಗಳ ಕಚೇರಿಗಳು ಕೂಡಿ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಆಶ್ರಯದಲ್ಲಿ, ‘ಇನ್‌ಫಾರ್ಮಿಯ’ ಎಂಬ ಸಮಾನ ಭಂಡಾರವನ್ನು ತೆರೆದವು. ಯಾವ ಒಡಂಬಡಿಕೆಯ ಸಭೆ ಏನು ನಿರ್ಣಯಿಸಿತು, ಯಾವ ದೇಶ ಏನು ವರದಿ ಕೊಟ್ಟಿತು ಎಂಬುದನ್ನೆಲ್ಲ ಅಲ್ಲಿ ಒಂದೇ ಕಡೆ ಹುಡುಕಬಹುದು.

ಆ ಭಂಡಾರವನ್ನು ಕಟ್ಟುವಾಗ ಎದುರಾದ ತೊಡಕು ಪಂಡಿತರಿಗೆ ಚಿರಪರಿಚಿತವಾದದ್ದು. ಅದು ಶಬ್ದದ ತೊಡಕು. 

ಒಂದು ಒಡಂಬಡಿಕೆಯ ಪತ್ರಗಳಲ್ಲಿ ‘ಪೀಡೆನಾಶಕ’ ಎಂದಿರುವುದು ಮತ್ತೊಂದರಲ್ಲಿ ‘ಅಪಾಯಕರ ರಾಸಾಯನಿಕ’, ಮಗದೊಂದರಲ್ಲಿ ‘ತ್ಯಾಜ್ಯ’. ಹುಡುಕುವವನು ಒಂದು ಹೆಸರನ್ನು ಹಿಡಿದು ಹೊರಟರೆ ಉಳಿದವು ಕೈಗೆ ಸಿಗುವುದಿಲ್ಲ. ಆದಕಾರಣ ಅವರು ಒಂದು ನಿಘಂಟನ್ನು ರಚಿಸಬೇಕಾಯಿತು. ಸಾಮಾನ್ಯ ಅಕಾರಾದಿ ಕೋಶವಲ್ಲ. ವಿಷಯಾನುಸಾರವಾಗಿ ಪದಗಳನ್ನು ವರ್ಗ ಮಾಡಿ, ಪರ್ಯಾಯಗಳನ್ನು ಒಂದೆಡೆ ತಂದು, ಯಾವುದು ಯಾವುದರೊಳಗೆ ಅಡಗುತ್ತದೆ ಎಂದು ತೋರಿಸುವ ಕೋಶ. ಅಮರಸಿಂಹನು ವಾರಿವರ್ಗ, ವನೌಷಧಿವರ್ಗ, ಸಿಂಹಾದಿವರ್ಗ ಎಂದು ಮಾಡಿದ ವಿಭಾಗವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರಿಗೆ ಅದರ ರಚನಾಕ್ರಮ ಸುಲಭವಾಗಿ ಗೋಚರಿಸುತ್ತದೆ. ರಾಸಾಯನಿಕಗಳಿಗಂತೂ ವಿಜ್ಞಾನಿಗಳು ಹೆಸರಿನ ಗೊಡವೆಯನ್ನೇ ಬಿಟ್ಟು ಅಂಕೆಯನ್ನು ಇಟ್ಟರು. ಅಂಗಡಿಯಲ್ಲಿ ಥಯೋಡಾನ್ ಎಂದು ಕೇಳಿದರೂ, ಪುಸ್ತಕದಲ್ಲಿ ಎಂಡೋಸಲ್ಫಾನ್ ಎಂದು ಓದಿದರೂ ಅದರ ಅಂಕೆ ೧೧೫-೨೯-೭. ಜಗತ್ತಿನ ಯಾವ ಮೂಲೆಯಲ್ಲಿಯೂ ಅದು ಬದಲಾಗದು.

ಕೆರೆಗೆ ಅಂತಹ ಅಂಕೆಯಿಲ್ಲ. ರಾಮ್‌ಸರ್ ಒಡಂಬಡಿಕೆಯ ವ್ಯಾಖ್ಯೆಯಂತೆ ಸಹಜವಾಗಿರಲಿ ಕೃತಕವಾಗಿರಲಿ, ಸದಾ ನೀರಿರಲಿ ಕೆಲಕಾಲವಿರಲಿ, ನಿಂತ ನೀರಾಗಲಿ ಹರಿವ ನೀರಾಗಲಿ, ಎಲ್ಲವೂ ಅದರ ವ್ಯಾಪ್ತಿಗೆ ಸೇರುತ್ತದೆ. ಕನ್ನಡದಲ್ಲಿ ಇದನ್ನು ಕೆಲವರು ‘ಜೌಗು ಪ್ರದೇಶ’ ಎಂದರು. ಜೌಗು ಎಂದೊಡನೆ ರೈತನ ಮನಸ್ಸಿಗೆ ಬರುವುದು ನಾಲೆಯ ನೀರು ಹೆಚ್ಚಾಗಿ ಕೆಟ್ಟುಹೋದ ಹೊಲ. ಅದನ್ನು ಒಣಗಿಸಬೇಕೆಂದು ಅವನು ಬಗೆಯುತ್ತಾನೆಯೇ ಹೊರತು ಕಾಪಾಡಬೇಕೆಂದಲ್ಲ. ಮತ್ತೆ ಕೆಲವರು ‘ತರಿಭೂಮಿ’ ಎಂದರು. ಕಂದಾಯದ ಲೆಕ್ಕದಲ್ಲಿ ತರಿ, ಖುಷ್ಕಿ, ಬಾಗಾಯ್ತು ಎಂಬ ವಿಭಾಗವಿದೆ. ಅಲ್ಲಿ ತರಿ ಎಂದರೆ ನೀರಾವರಿಯ ಗದ್ದೆ. ಎರಡೂ ಅನುವಾದಗಳಲ್ಲಿ ‘ಕೆರೆ’ ಎಂಬ ನಾಲಗೆಯ ಮೇಲಣ ಪದವೇ ಕಾಣೆಯಾಗಿದೆ.

ಇದು ಪದಗಳ ಕುಶಾಲಿನ ಮಾತಾಗಿದ್ದರೆ ಇಲ್ಲಿಗೆ ಬಿಡಬಹುದಿತ್ತು. ಭಾರತ ಸರ್ಕಾರವು ೨೦೧೭ರಲ್ಲಿ ಹೊರಡಿಸಿದ ನಿಯಮಗಳು ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗಾಗಿಯೂ ನೀರಾವರಿಗಾಗಿಯೂ ಮನುಷ್ಯರು ಕಟ್ಟಿದ ಜಲಾಶಯ ಇವುಗಳನ್ನು ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಹೀಗಾಗಿ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಚಿತ್ರದುರ್ಗದವರೆಗೂ ಕುಡಿಯುವ ನೀರು ಕೊಡುವ ಆ ಮಹಾತಟಾಕ, ಜಗತ್ತಿನ ಒಡಂಬಡಿಕೆಯ ವ್ಯಾಖ್ಯೆಯಂತೆ ರಕ್ಷಣೆಗೆ ಅರ್ಹವಾದ ಜಲಪ್ರದೇಶ. ದೇಶದ ನಿಯಮದ ವ್ಯಾಖ್ಯೆಯಂತೆ ನೋಡಿದರೆ, ಮನುಷ್ಯರು ನೀರಾವರಿಗೆ ಕಟ್ಟಿದ ಕೆರೆ. ಪೂರ್ವಿಕರು ಕಟ್ಟಿದರೆಂಬುದೇ ಅದಕ್ಕೆ ಕುಂದಾಯಿತು! ಆದರೆ ಅದೇ ನಿಯಮಗಳು ರಾಮ್‌ಸರ್ ಪಟ್ಟಿಗೆ ಸೇರಿದ ತಾಣಗಳಿಗೆ ಅನ್ವಯಿಸುತ್ತವೆ. ಕರ್ನಾಟಕದಿಂದ ೨೦೨೨ರಲ್ಲಿ ರಂಗನತಿಟ್ಟು ಆ ಪಟ್ಟಿಗೆ ಸೇರಿತು. ೨೦೨೪ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಇವು ಸೇರಿದುದು ಪ್ರಕಟವಾಯಿತು. ಅಂಕಸಮುದ್ರವೂ ಮಾಗಡಿಯೂ ಊರವರು ಕಟ್ಟಿಕೊಂಡ ಕೆರೆಗಳೇ. ಎರಡು ವ್ಯಾಖ್ಯೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಮಾತ್ರ ಈ ದಾರಿ ಕಾಣುತ್ತದೆ. ಹರಿದ್ರೆಯ ಮೂಲವಾದ ಕೆರೆಗೆ ಆ ದಾರಿ ಯಾರಿಗೆ ಯಾವಾಗ ಕಂಡೀತೆಂಬುದು ಕಾದುನೋಡಬೇಕಾದ ವಿಷಯ.

ಮೇಲಿನಿಂದ ಕೆಳಕ್ಕೆ ಅರಿವು ಇಳಿಯಲು ಇರುವ ಸಾಧನಗಳು ಇಲ್ಲದಿಲ್ಲ. ಅಧಿಕಾರಿಗಳ ಕಡತವನ್ನು ಕೇಳಿ ಪಡೆಯುವ ಹಕ್ಕು ಯೂರೋಪಿನವರಿಗೆ ಪರಿಸರದ ವಿಷಯದಲ್ಲಿ ೧೯೯೮ರ ಆರ್ಹುಸ್ ಒಡಂಬಡಿಕೆಯಿಂದ ದೊರೆಯಿತು. ಭಾರತ ಅದಕ್ಕೆ ಸೇರಿಲ್ಲ. ೨೦೦೫ರ ಮಾಹಿತಿ ಹಕ್ಕು ಅಧಿನಿಯಮ ಎಲ್ಲ ವಿಷಯಗಳಿಗೂ ಆ ಬಾಗಿಲನ್ನು ತೆರೆದಿದೆ. ಹತ್ತು ರೂಪಾಯಿಯ ಶುಲ್ಕದೊಡನೆ ಅರ್ಜಿ ಕೊಟ್ಟರೆ ನದಿನೀರಿನ ಪರೀಕ್ಷೆಯ ಫಲಿತಾಂಶವನ್ನು ಮೂವತ್ತು ದಿನಗಳೊಳಗೆ ಕೊಡಬೇಕೆಂಬುದು ನಿಯಮ. ೧೯೮೦ರ ದಶಕದ ಕೆಳದಂಡೆಯ ಹಳ್ಳಿಗನಿಗೆ ಈ ಸೌಕರ್ಯವಿರಲಿಲ್ಲ. 

ಕೆಳಗಿನಿಂದ ಮೇಲಕ್ಕೆ ಏರುವ ಸಾಧನವಾಗಿ ಜೀವವೈವಿಧ್ಯ ದಾಖಲಾತಿ ಇದೆ. ೧೯೯೨ರ ಒಡಂಬಡಿಕೆಯನ್ನು ಅನುಸರಿಸಿ ಬಂದ ೨೦೦೨ರ ಅಧಿನಿಯಮದಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಒಂದು ಸಮಿತಿಯನ್ನು ರಚಿಸಿ, ತನ್ನ ಎಲ್ಲೆಯ ಗಿಡ ಮರ, ಮೀನು, ಬೀಜ, ಔಷಧಿ, ಅವುಗಳನ್ನು ಬಲ್ಲವರ ತಿಳಿವಳಿಕೆ ಇವನ್ನು ಬರೆದಿಡಬೇಕು. ಗಡುವಿನ ಒತ್ತಡದಲ್ಲಿ ತರಾತುರಿಯಿಂದ ತುಂಬಿಸಿದ ಪುಸ್ತಕಗಳು ಅನೇಕ. ಪಕ್ಕದೂರಿನ ಪಟ್ಟಿಯನ್ನು ನಕಲು ಮಾಡಿದರೆ ಅದನ್ನು ದಾಖಲೆಯೆನ್ನಲಾಗದು. ಚೆನ್ನಾಗಿ ಬರೆದರೆ ಅದಕ್ಕಿಂತ ಉಪಯುಕ್ತವಾದ ಗ್ರಂಥ ಒಂದು ಊರಿಗೆ ಮತ್ತೊಂದಿರಲಾರದು. ಬೆಸ್ತನು ಒಂದು ಮೀನಿಗೆ ಹೇಳುವ ಹೆಸರು, ಅದು ಕೆರೆಯಲ್ಲಿ ಕಾಣದಾದ ವರ್ಷ, ವೈದ್ಯನು ಕಂಡ ಹೊಸ ರೋಗ, ಹೊಲಕ್ಕೆ ಹೊಡೆದ ಮದ್ದಿನ ಡಬ್ಬಿಯ ಮೇಲಿನ ಹೆಸರು, ಇವು ಒಂದೇ ಪುಸ್ತಕದ ಅಕ್ಕಪಕ್ಕದ ಪುಟಗಳಲ್ಲಿ ಬರಬಹುದು. ಡಬ್ಬಿಯೊಡನೆ ಪ್ರಾದೇಶಿಕ ಭಾಷೆಯಲ್ಲಿ ಅಚ್ಚಾದ ಸೂಚನಾಪತ್ರವಿರಬೇಕೆಂದು ೧೯೭೧ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಅದರ ಕನ್ನಡ ಅಕ್ಷರಗಳು ಮಾತ್ರ, ಓದಬೇಕಾದವನ ಕಣ್ಣಿಗೆ ನಿಲುಕದಷ್ಟು ಸಣ್ಣವು.